ಹಿಂದಿನ ಗಾಜಿನ ಮೂರನೆಯ ದೀಪ



ಜನರು ದಿನವೂ ಬಳಸುವ ಯಾವುದಾದರೂ ತಂತ್ರಜ್ಞಾನದ ಬಗ್ಗೆ ಕನ್ನಡದಲ್ಲಿ ಮಾತನಾಡಬೇಕೆಂಬುದು ಈ ದತ್ತಿ ಉಪನ್ಯಾಸದ ಆಶಯ. ನಾನು ಆರಿಸಿಕೊಂಡಿರುವುದು ಅಂಗೈಗಿಂತ ಚಿಕ್ಕದಾದ ಒಂದು ದೀಪ. ಕಾರಿನ ಹಿಂದಿನ ಗಾಜಿನ ನಡುವೆ, ಮೇಲಂಚಿನಲ್ಲೋ ಕೆಳಅಂಚಿನಲ್ಲೋ ಇರುವ ಮೂರನೆಯ ಬ್ರೇಕ್ ಲೈಟು. ಕಾರಿನ ಮೂಲೆಗಳಲ್ಲಿರುವ ಎರಡು ಕೆಂಪು ದೀಪಗಳ ಜೊತೆಗೆ ಹೆಚ್ಚುವರಿಯಾಗಿ ಬಂದದ್ದು ಇದು. ಹೇಗೆ ಬಂತು, ಅದಕ್ಕೆ ಯಾವ ನಿಯಮಗಳನ್ನು ಹಾಕಿದರು, ಹಾಕಿದ ಮೇಲೆ ಫಲ ಎಷ್ಟು ಸಿಕ್ಕಿತು ಎಂಬ ಕಥೆ ಬಹುಮಟ್ಟಿಗೆ ಅಮೆರಿಕದ್ದು. ನಮ್ಮ ರಸ್ತೆಗಳಿಗೆ ಅದರಿಂದ ಕಲಿಯುವುದು ತುಂಬ ಇದೆ ಎಂದು ನಂಬಿರುವುದರಿಂದಲೇ ಇಲ್ಲಿ ಹೇಳುತ್ತಿದ್ದೇನೆ.

ಈ ದೀಪದ ಒಂದು ಗುಣವನ್ನು ಮೊದಲೇ ಗಮನಿಸಬೇಕು. ಕಾರಿನ ಯಜಮಾನ ತನ್ನ ಕಾರಿನ ಬ್ರೇಕ್ ಲೈಟನ್ನು ಓಡಿಸುವಾಗ ನೋಡುವುದಿಲ್ಲ. ಸುಟ್ಟುಹೋದರೂ ಅವನಿಗೆ ತಿಳಿಯುವುದು ಎಷ್ಟೋ ದಿನಗಳ ಮೇಲೆ. ಹಣ ಕೊಡುವವನು ಒಬ್ಬ, ನೋಡುವವನು ಹಿಂದೆ ಬರುವ ಅಪರಿಚಿತ. ಇಂಥ ವಸ್ತುವನ್ನು ಕೊಳ್ಳುವವರ ಇಷ್ಟಕ್ಕೆ ಬಿಟ್ಟರೆ ಎಲ್ಲ ಕಾರುಗಳಿಗೂ ಬರಲು ಕಾಲ ಬೇಕಾಗುತ್ತದೆ, ಬಂದರೂ ಒಂದೊಂದು ಕಾರಿನಲ್ಲಿ ಒಂದೊಂದು ರೀತಿ ಬರುತ್ತದೆ. ಅಮೆರಿಕದಲ್ಲಿ 1971ರ ಓಲ್ಡ್ಸ್‌ಮೊಬೈಲ್ ಟೊರೊನಾಡೊ ಕಾರಿಗೆ ಹಿಂದಿನ ಗಾಜಿನ ಕೆಳಗೆ, ಎತ್ತರದಲ್ಲಿ, ಎರಡು ಹೆಚ್ಚುವರಿ ದೀಪಗಳನ್ನು ಕೊಟ್ಟಿದ್ದರು. ಆ ಕಾರು ಕೊಂಡವರಿಗೆ ಅದು ಸಿಕ್ಕಿತು. ಉಳಿದವರಿಗೆ ಸಿಗಲು ಕಾನೂನೇ ಬೇಕಾಯಿತು.

ಕಾನೂನಿಗೆ ಮೊದಲು ಸಾಕ್ಷ್ಯ ಬೇಕಿತ್ತು. ಜಾನ್ ವೊಯೆವೋಡ್ಸ್ಕಿ ಎಂಬ ಮನಶ್ಶಾಸ್ತ್ರಜ್ಞ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆಸಿದ ಪ್ರಯೋಗ ಈ ವಿಷಯದಲ್ಲಿ ಪ್ರಸಿದ್ಧ. 343 ಟ್ಯಾಕ್ಸಿಗಳ ಹಿಂಭಾಗದ ನಡುವೆ ಅವರು ಒಂದು ಎಚ್ಚರಿಕೆಯ ದೀಪ ಕೂರಿಸಿದರು. ಹೋಲಿಕೆಗೆಂದು 160 ಟ್ಯಾಕ್ಸಿಗಳನ್ನು ದೀಪವಿಲ್ಲದೆ ಬಿಟ್ಟರು. 1974ರಲ್ಲಿ ಫಲಿತಾಂಶ ಪ್ರಕಟವಾದಾಗ, ದೀಪವಿದ್ದ ಟ್ಯಾಕ್ಸಿಗಳಿಗೆ ಹಿಂದಿನಿಂದ ಗುದ್ದುವ ಅಪಘಾತಗಳು ಶೇಕಡಾ 60.6 ಕಡಿಮೆಯಾಗಿದ್ದವು. ಈ ಕಥೆಯನ್ನು ಹೇಳುವವರು ಬಹಳ ಸಲ ಬಿಟ್ಟುಬಿಡುವ ಒಂದು ಸಂಗತಿ ಇದೆ. ವೊಯೆವೋಡ್ಸ್ಕಿಯವರ ದೀಪ ಕೆಂಪಾಗಿರಲಿಲ್ಲ, ಸ್ಥಿರವಾಗಿಯೂ ಉರಿಯುತ್ತಿರಲಿಲ್ಲ. ಅದು ಹಳದಿ ಛಾಯೆಯ ಅಂಬರ್ ದೀಪ. ಮಿಡಿಯುತ್ತಿತ್ತು. ಚಾಲಕ ಮೆಲ್ಲಗೆ ಬ್ರೇಕ್ ಒತ್ತಿದರೆ ನಿಧಾನವಾಗಿ, ಗಟ್ಟಿಯಾಗಿ ಒತ್ತಿದರೆ ವೇಗವಾಗಿ ಮಿಡಿಯುವಂತೆ ಅದನ್ನು ಮಾಡಿದ್ದರು. 'ನಿಲ್ಲುತ್ತಿದ್ದೇನೆ' ಎನ್ನುವುದರ ಜೊತೆಗೆ 'ಎಷ್ಟು ಜೋರಾಗಿ ನಿಲ್ಲುತ್ತಿದ್ದೇನೆ' ಎಂಬುದನ್ನೂ ಅದು ಹೇಳುತ್ತಿತ್ತು. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಆಮೇಲೆ ಅಲ್ಲಿನ ಸರ್ಕಾರವೇ ಮುಂದೆ ಬಂತು. ವಾಷಿಂಗ್ಟನ್ ನಗರದಲ್ಲಿ 1970ರ ದಶಕದ ಉತ್ತರಾರ್ಧದಲ್ಲಿ 2,100 ಟ್ಯಾಕ್ಸಿಗಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ನಡುವೆ ಎತ್ತರದಲ್ಲಿ ಒಂದೇ ದೀಪ. ಇನ್ನೊಂದಕ್ಕೆ ಎತ್ತರದಲ್ಲಿ ಎರಡು ದೀಪ. ಮೂರನೆಯದರಲ್ಲಿ ಬ್ರೇಕ್ ದೀಪವನ್ನೂ ಹಿಂಬದಿಯ ಸಾಮಾನ್ಯ ದೀಪವನ್ನೂ ಬೇರೆ ಬೇರೆ ಮಾಡಿದರು. ನಾಲ್ಕನೆಯದನ್ನು ಇದ್ದಂತೆಯೇ ಬಿಟ್ಟರು. ಗೆದ್ದದ್ದು ಒಂದೇ ದೀಪ. ಹಿಂದಿನಿಂದ ಗುದ್ದಿಸಿಕೊಂಡ ಪ್ರಕರಣಗಳು ಸುಮಾರು ಅರ್ಧಕ್ಕೆ ಇಳಿದವು. ಬಳಿಕ ದೂರವಾಣಿ ಕಂಪನಿಗಳ ಕಾರುಗಳ ಮೇಲೆ, ನ್ಯೂಯಾರ್ಕಿನ ಟ್ಯಾಕ್ಸಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲೂ ಹೆಚ್ಚುಕಡಿಮೆ ಅದೇ ಅರ್ಧ ಕಾಣಿಸಿತು.

ಎರಡಕ್ಕಿಂತ ಒಂದು ದೀಪ ಹೇಗೆ ಚೆನ್ನಾಗಿ ಕೆಲಸ ಮಾಡಿತು? ಮೂಲೆಯ ಕೆಂಪು ದೀಪಕ್ಕೆ ಹಲವು ಕೆಲಸ. ರಾತ್ರಿ ಸುಮ್ಮನೆ ಉರಿಯುವುದೂ ಅದೇ, ಬ್ರೇಕ್ ಒತ್ತಿದಾಗ ಹೆಚ್ಚು ಉರಿಯುವುದೂ ಅದೇ. ಅಮೆರಿಕದಲ್ಲಿ ತಿರುವಿನ ಸೂಚಕವೂ ಕೆಂಪಾಗಿರಲು ಅವಕಾಶವಿದೆ, ಎಷ್ಟೋ ಕಾರುಗಳಲ್ಲಿ ಆ ಕೆಲಸವನ್ನೂ ಅದೇ ಬಲ್ಬು ಮಾಡುತ್ತದೆ. ಹಿಂದೆ ಬರುವವನು ಕ್ಷಣಾರ್ಧದಲ್ಲಿ 'ಈಗ ಯಾವುದು?' ಎಂದು ತೀರ್ಮಾನಿಸಬೇಕು. ನಡುವಿನ ದೀಪಕ್ಕೆ ಈ ಗೊಂದಲವಿಲ್ಲ. ಅದು ಬೇರೆ ಯಾವ ಕಾರಣಕ್ಕೂ ಉರಿಯುವುದಿಲ್ಲ. ಉರಿದರೆ ಬ್ರೇಕು, ಆರಿದ್ದರೆ ಬ್ರೇಕಿಲ್ಲ. ಮೂಲೆಯ ಎರಡು ದೀಪಗಳೊಂದಿಗೆ ಸೇರಿ ಅದು ತ್ರಿಕೋನವೊಂದನ್ನು ಕಟ್ಟುತ್ತದೆ. ಹಿಂದಿನ ಚಾಲಕನ ನೋಟ ಹೇಗೂ ಬೀಳುವ ಎತ್ತರದಲ್ಲೇ ಇರುತ್ತದೆ. ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವ ಲಾಭ ಇನ್ನೊಂದಿದೆ. ನಿಮ್ಮ ಮುಂದಿರುವ ಕಾರಿನ ಗಾಜುಗಳ ಮೂಲಕ ಅದರ ಮುಂದಿನ ಕಾರಿನ ದೀಪವೂ ನಿಮಗೆ ಕಾಣುತ್ತದೆ. ಸಾಲಾಗಿ ಓಡುವ ಕಾರುಗಳಲ್ಲಿ ಎಚ್ಚರಿಕೆ ಒಬ್ಬನಿಂದ ಒಬ್ಬನಿಗೆ ತಲುಪುತ್ತ ತಡವಾಗುವ ಬದಲು, ಎರಡನೆಯವನಿಗೂ ಮೂರನೆಯವನಿಗೂ ಸರಿಸುಮಾರು ಒಟ್ಟಿಗೇ ಮುಟ್ಟುತ್ತದೆ.

1983ರ ಅಕ್ಟೋಬರಿನಲ್ಲಿ, ಎಲಿಜಬೆತ್ ಡೋಲ್ ಅಲ್ಲಿನ ಸಾರಿಗೆ ಕಾರ್ಯದರ್ಶಿಯಾಗಿದ್ದಾಗ, ನಿಯಮ ಹೊರಬಂತು. ವಾಹನದೀಪಗಳ ಬಗೆಗಿನ ಒಕ್ಕೂಟ ಮಾನದಂಡ 108ಕ್ಕೆ ಇದನ್ನು ಸೇರಿಸಿದರು. 1985ರ ಸೆಪ್ಟೆಂಬರ್ 1ರಿಂದ ತಯಾರಾಗುವ ಪ್ರತಿ ಪ್ರಯಾಣಿಕ ಕಾರಿಗೂ, 1993ರ ಸೆಪ್ಟೆಂಬರ್ 1ರಿಂದ ಪಿಕಪ್, ವ್ಯಾನ್ ಮೊದಲಾದ ಹಗುರ ಟ್ರಕ್ಕುಗಳಿಗೂ ಮೂರನೆಯ ದೀಪ ಕಡ್ಡಾಯವಾಯಿತು.

ಆ ನಿಯಮದ ಒಕ್ಕಣೆಯನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಮ್ಮೆಯಾದರೂ ಓದಬೇಕು. ಒಳ್ಳೆಯ ನಿಯಮ ಎಷ್ಟು ದೂರ ಯೋಚಿಸಬಲ್ಲದು ಎಂಬುದಕ್ಕೆ ಅದು ಮಾದರಿ. ದೀಪ ವಾಹನದ ನಡುಗೆರೆಯ ಮೇಲಿರಬೇಕು. ಸಾಮಾನ್ಯ ಕಾರಿನಲ್ಲಿ ಹಿಂದಿನ ಗಾಜಿನ ಕೆಳಅಂಚಿನಿಂದ 3 ಅಂಗುಲಕ್ಕಿಂತ ಕೆಳಗೆ ಇಳಿಯಬಾರದು, ಮಡಿಸುವ ಚಾವಣಿಯ ಕಾರಿನಲ್ಲಿ 6 ಅಂಗುಲ. ಬೆಳಕು ಹೊಮ್ಮುವ ಮುಖ ಕನಿಷ್ಠ ನಾಲ್ಕೂವರೆ ಚದರ ಅಂಗುಲ. ನೇರ ಹಿಂದಕ್ಕೆ ಬೆಳಕಿನ ತೀವ್ರತೆ ಕನಿಷ್ಠ 25 ಕ್ಯಾಂಡೆಲಾ ಇರಬೇಕು, 160 ಮೀರಬಾರದು. ಕನಿಷ್ಠದಷ್ಟೇ ಗರಿಷ್ಠವೂ ಇಲ್ಲಿ ಮುಖ್ಯ. ರಾತ್ರಿ ಸಿಗ್ನಲ್ಲಿನಲ್ಲಿ ನಿಮ್ಮ ಹಿಂದೆ ನಿಂತವನ ಕಣ್ಣು ಕೋರೈಸುವ ದೀಪ ಅವನನ್ನು ಕಾಪಾಡುವುದಿಲ್ಲ. ದೀಪವನ್ನು ಗಾಜಿನ ಒಳಗೆ ಕೂರಿಸಿದರೆ ಅದರ ಬೆಳಕು ಗಾಜಿನಲ್ಲಿ ಪ್ರತಿಫಲಿಸಿ ಚಾಲಕನಿಗೆ ತೊಂದರೆ ಕೊಡದಂತೆ ನೋಡಿಕೊಳ್ಳಬೇಕು. ಬಲ್ಬು ಕೆಟ್ಟರೆ ವಿಶೇಷ ಉಪಕರಣವಿಲ್ಲದೆ ಬದಲಾಯಿಸುವಂತಿರಬೇಕು. ಈ ಕೊನೆಯ ಮಾತನ್ನು ಬರೆದವರ ಬಗ್ಗೆ ನನಗೆ ಗೌರವವಿದೆ. ಹೊಸದಾಗಿದ್ದಾಗ ಉರಿಯುವ ದೀಪವನ್ನು ಯಾರು ಬೇಕಾದರೂ ಮಾಡಬಲ್ಲರು. ಹತ್ತು ವರ್ಷದ ಕಾರಿನಲ್ಲೂ ಅದು ಉರಿಯುತ್ತಿರಬೇಕಾದರೆ ಮನೆಯಲ್ಲೇ ಬಿಚ್ಚಿ ಹಾಕುವಷ್ಟು ಸುಲಭವಾಗಿರಬೇಕು.

ಹಾಗೆಯೇ ದೀಪ ಕೆಂಪಾಗಿರಬೇಕು, ಮಿಟುಕದೆ ಸ್ಥಿರವಾಗಿ ಉರಿಯಬೇಕು. ವೊಯೆವೋಡ್ಸ್ಕಿಯವರ ದೀಪದಿಂದ ಅದರ ನಡುವಿನ ಜಾಗವನ್ನೂ ಒಂಟಿತನವನ್ನೂ ಕಾನೂನು ತೆಗೆದುಕೊಂಡಿತು. ಬಣ್ಣವನ್ನೂ ಮಿಡಿತವನ್ನೂ ಕೈಬಿಟ್ಟಿತು.

ಇನ್ನು ಈ ಕಥೆಯಲ್ಲಿ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ಭಾಗ. ಕಡ್ಡಾಯ ಮಾಡಿದ ಮೇಲೆ ಅಮೆರಿಕದ ಸಾರಿಗೆ ಇಲಾಖೆ ಕೈತೊಳೆದುಕೊಳ್ಳಲಿಲ್ಲ. ಅದರ ಅಂಗವಾದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತದ ಸಂಖ್ಯಾಶಾಸ್ತ್ರಜ್ಞ ಚಾರ್ಲ್ಸ್ ಕಹಾನೆ ಪೊಲೀಸರ ಅಪಘಾತ ದಾಖಲೆಗಳನ್ನು ವರ್ಷವರ್ಷವೂ ಕೆದಕಿ, ಈ ದೀಪ ನಿಜವಾಗಿ ಏನು ಮಾಡುತ್ತಿದೆ ಎಂದು ಲೆಕ್ಕ ಹಾಕುತ್ತ ಹೋದರು. 1998ರಲ್ಲಿ ಎಲೆನ್ ಹರ್ಟ್ಸ್ ಅವರೊಂದಿಗೆ ಪ್ರಕಟಿಸಿದ ದೀರ್ಘಾವಧಿ ವರದಿಯಲ್ಲಿ ಎರಡು ಅಂಕಿಗಳಿವೆ. 1987ರಲ್ಲಿ ದೀಪವಿದ್ದ ಕಾರುಗಳಿಗೆ ಹಿಂಬದಿಯ ಡಿಕ್ಕಿಗಳು ಶೇಕಡಾ 8.5 ಕಡಿಮೆ. 1989ರಿಂದ 1995ರವರೆಗೆ ಆ ಲಾಭ ಶೇಕಡಾ 4.3ಕ್ಕೆ ಇಳಿದು ಅಲ್ಲಿಯೇ ನಿಂತಿತು.

ಅರ್ಧ ಎಂದು ಶುರುವಾದದ್ದು ಇಪ್ಪತ್ತರಲ್ಲಿ ಒಂದಕ್ಕಿಂತ ಕಡಿಮೆಯಾಗಿ ಮುಗಿಯಿತು. ಇದಕ್ಕೆ ಕಾರಣಗಳಿವೆ. ಮೊದಲ ಪ್ರಯೋಗಗಳು ಎಣಿಸಿದ್ದು ಮುಂದಿನ ವಾಹನ ಬ್ರೇಕ್ ಹಾಕುತ್ತಿದ್ದಾಗ ಆದ ಡಿಕ್ಕಿಗಳನ್ನು, ಎಂದರೆ ದೀಪಕ್ಕೆ ಸಂಬಂಧವಿರುವವುಗಳನ್ನು. ಪೊಲೀಸ್ ದಾಖಲೆಯಲ್ಲಿ ಹಿಂಬದಿಯ ಎಲ್ಲ ಡಿಕ್ಕಿಗಳೂ ಸೇರಿರುತ್ತವೆ. ನಿಂತಿದ್ದ ಕಾರಿಗೆ ಗುದ್ದಿದ್ದು, ನಿದ್ದೆಗಣ್ಣಿನಲ್ಲಿ ಗುದ್ದಿದ್ದು, ಎಲ್ಲವೂ. ಟ್ಯಾಕ್ಸಿಗಳು ದಿನವಿಡೀ ನಗರದ ದಟ್ಟಣೆಯಲ್ಲಿ ನಿಲ್ಲುತ್ತ ಹೊರಡುತ್ತ ಇರುವಂಥವು. ಮುಖ್ಯವಾಗಿ ಆಗ ಆ ದೀಪ ಹೊಸದು. ಸಾವಿರಾರು ಕಾರುಗಳ ನಡುವೆ ಒಂದರ ಗಾಜಿನಲ್ಲಿ ಮಾತ್ರ ಬೆಳಕು ಹತ್ತಿದರೆ ಕಣ್ಣು ತಾನಾಗಿ ಅತ್ತ ಹೊರಳುತ್ತದೆ. ಎಲ್ಲ ಕಾರುಗಳಲ್ಲೂ ಬಂದ ಮೇಲೆ ಕಣ್ಣು ಅದಕ್ಕೆ ಒಗ್ಗಿಕೊಂಡಿತು. ಹೊಸತನ ಕಳೆದ ಮೇಲೆ ಉಳಿದದ್ದು ದೀಪದ ನಿಜವಾದ ಬೆಲೆ.

ಆ ಬೆಲೆ ಸಣ್ಣದಲ್ಲ. ಎಲ್ಲ ಕಾರುಗಳಿಗೂ ಹಗುರ ಟ್ರಕ್ಕುಗಳಿಗೂ ದೀಪ ಬಂದ ಮೇಲೆ ವರ್ಷಕ್ಕೆ ಕನಿಷ್ಠ 1,94,000 ಅಪಘಾತಗಳೂ 58,000ದಿಂದ 70,000 ಗಾಯಗಳೂ ತಪ್ಪುತ್ತವೆ ಎಂದು ಅದೇ ವರದಿ ಅಂದಾಜಿಸಿತು. ಆಸ್ತಿನಷ್ಟದಲ್ಲಿ ಉಳಿತಾಯ ವರ್ಷಕ್ಕೆ 65.5 ಕೋಟಿ ಡಾಲರ್. ಒಂದು ವರ್ಷದಲ್ಲಿ ಮಾರಾಟವಾಗುವ ವಾಹನಗಳಿಗೆಲ್ಲ ದೀಪ ಹಾಕುವ ಖರ್ಚು ಸುಮಾರು 20.6 ಕೋಟಿ ಡಾಲರ್. ಶೇಕಡಾ 4.3 ಎಂಬ ಅಂಕಿಯನ್ನು ಮುಚ್ಚಿಟ್ಟು 'ನಮ್ಮ ದೀಪ ಅಪಘಾತಗಳನ್ನು ಅರ್ಧಕ್ಕೆ ಇಳಿಸಿತು' ಎಂದು ಭಾಷಣ ಮಾಡಲು ಆ ಇಲಾಖೆಗೆ ಅವಕಾಶವಿತ್ತು. ಮಾಡಲಿಲ್ಲ. ಸರ್ಕಾರಿ ಇಲಾಖೆಯೊಂದು ತನ್ನದೇ ನಿಯಮವನ್ನು ಹೀಗೆ ತಕ್ಕಡಿಗೆ ಹಾಕಿ, ಬಂದ ಅಂಕಿಯನ್ನು ಹಾಗೆಯೇ ಮುದ್ರಿಸಿದ್ದನ್ನು ನಾನು ಸಾರ್ವಜನಿಕ ಸೇವೆಯ ಉತ್ತಮ ಮಾದರಿಗಳಲ್ಲಿ ಒಂದೆಂದು ಎಣಿಸುತ್ತೇನೆ.

ಈಗ ಕೈಬಿಟ್ಟ ಮಿಡಿತದ ವಿಷಯ. ಜಗತ್ತು ಇಲ್ಲಿ ಎರಡು ದಾರಿ ಹಿಡಿದಿದೆ. ಯುರೋಪು ಮತ್ತು ಇತರ ಅನೇಕ ದೇಶಗಳು ಪಾಲಿಸುವ ವಿಶ್ವಸಂಸ್ಥೆಯ 48ನೆಯ ನಿಯಮ ಮಿಟುಕುವ ಬ್ರೇಕ್ ದೀಪಕ್ಕೆ ಕಿರಿದಾದ ಒಂದು ಬಾಗಿಲು ತೆರೆದಿದೆ. ಅದು ತುರ್ತು ನಿಲುಗಡೆಯ ಸೂಚನೆ. ವಾಹನ ಗಂಟೆಗೆ 50 ಕಿಲೋಮೀಟರಿಗಿಂತ ವೇಗವಾಗಿ ಹೋಗುತ್ತಿರಬೇಕು. ಕಾರಾದರೆ ಅದರ ವೇಗ ಪ್ರತಿ ಸೆಕೆಂಡಿನಲ್ಲೂ ಸೆಕೆಂಡಿಗೆ 6 ಮೀಟರಿನಷ್ಟಾದರೂ ಕುಗ್ಗುತ್ತಿರಬೇಕು, ಬಸ್ಸು ಲಾರಿಗಳಾದರೆ 4 ಮೀಟರ್. ಆಗ ಮಾತ್ರ ದೀಪಗಳು ಸೆಕೆಂಡಿಗೆ ಸುಮಾರು 4 ಸಲ ಮಿಟುಕಬಹುದು. ಹೀಗೆ ಬ್ರೇಕ್ ಒತ್ತುವುದು ಅಪರೂಪ, ಆದ್ದರಿಂದ ಆ ಮಿಟುಕೂ ಅಪರೂಪ. ಅಮೆರಿಕದ ಮಾನದಂಡವಾದರೋ ಕಾರುಗಳ ಬ್ರೇಕ್ ದೀಪ ಸ್ಥಿರವಾಗಿಯೇ ಉರಿಯಬೇಕೆಂದು ಹೇಳುತ್ತದೆ.

ಅಲ್ಲಿಯೂ ಒಂದು ಬಿರುಕು ಬಿಟ್ಟಿತು. ಒಕ್ಲಹೋಮಾದ ಗ್ರೊಯೆಂಡೈಕ್ ಎಂಬ ಟ್ಯಾಂಕರ್ ಸಾಗಣೆ ಕಂಪನಿಗೆ ಹಿಂಬದಿಯ ಡಿಕ್ಕಿಗಳು ದೊಡ್ಡ ತಲೆನೋವಾಗಿದ್ದವು. ಅಪಾಯಕಾರಿ ದ್ರವ ಹೊತ್ತ ಟ್ಯಾಂಕರುಗಳು ಅಮೆರಿಕದಲ್ಲಿ ರೈಲು ಹಳಿ ದಾಟುವ ಮುನ್ನ ರೈಲು ಬರಲಿ ಬಿಡಲಿ ನಿಲ್ಲಲೇಬೇಕು, ಹಿಂದಿನವನು ಅದನ್ನು ನಿರೀಕ್ಷಿಸಿರುವುದಿಲ್ಲ. ಕಂಪನಿ ತನ್ನ ಟ್ಯಾಂಕರುಗಳ ಹಿಂದೆ, ಸ್ಥಿರ ಕೆಂಪು ದೀಪಗಳನ್ನು ಹಾಗೆಯೇ ಉಳಿಸಿಕೊಂಡು, ಬ್ರೇಕ್ ಒತ್ತಿದಾಗ ಮಿಡಿಯುವ ಅಂಬರ್ ದೀಪವೊಂದನ್ನು ಸೇರಿಸಿತು. ಆ ದೀಪವಿದ್ದ ಟ್ಯಾಂಕರುಗಳಿಗೆ ಹಿಂಬದಿಯ ಡಿಕ್ಕಿಗಳು ಶೇಕಡಾ 33.7 ಕಡಿಮೆಯಾದವೆಂದು ಲೆಕ್ಕ ತೋರಿಸಿತು. 2019ರ ಏಪ್ರಿಲಿನಲ್ಲಿ ಅದಕ್ಕೆ ನಿಯಮದಿಂದ ವಿನಾಯಿತಿ ಸಿಕ್ಕಿತು. ಸ್ಯಾನ್ ಫ್ರಾನ್ಸಿಸ್ಕೋದ ಟ್ಯಾಕ್ಸಿಗಳ ಮೇಲೆ ಮಿಡಿದಿದ್ದ ಅಂಬರ್ ಬೆಳಕು 45 ವರ್ಷಗಳ ನಂತರ ಟ್ಯಾಂಕರುಗಳ ಮೇಲೆ ಮರಳಿ ಬಂತು.

ಹಾಗಾದರೆ ಎಲ್ಲರೂ ಮಿಡಿಯುವ ದೀಪ ಹಾಕಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ನನ್ನ ಉತ್ತರ, ಬೇಡ. 33.7 ಎಂಬ ಅಂಕಿಯ ಪಕ್ಕದಲ್ಲಿ 4.3 ಎಂಬ ಅಂಕಿಯನ್ನು ಇಟ್ಟು ನೋಡಿ. ಒಂದು ಕಂಪನಿಯ ಟ್ಯಾಂಕರು ಮಾತ್ರ ಮಿಡಿಯುವಾಗ ಸಿಗುವ ಲಾಭ ಊರಿನ ಕಾರುಗಳೆಲ್ಲ ಮಿಡಿಯುವಾಗ ಸಿಗುವುದಿಲ್ಲ. ಸಂತೆಯಲ್ಲಿ ಎಲ್ಲರೂ ಕೂಗತೊಡಗಿದರೆ ಯಾರ ಕೂಗೂ ಕೇಳಿಸುವುದಿಲ್ಲ. ಗಮನ ಸೆಳೆಯುವ ಶಕ್ತಿ ಸಮುದಾಯದ ಸ್ವತ್ತು, ಅದನ್ನು ಅತ್ಯಂತ ಅಪಾಯದ ವಾಹನಕ್ಕೆ, ಅತ್ಯಂತ ಅಪಾಯದ ಕ್ಷಣಕ್ಕೆ ಮೀಸಲಿಡಬೇಕು. ವಿಶ್ವಸಂಸ್ಥೆಯ ನಿಯಮವೂ ಟ್ಯಾಂಕರಿನ ವಿನಾಯಿತಿಯೂ ಬೇರೆ ಬೇರೆ ರೀತಿಯಲ್ಲಿ ಇದನ್ನೇ ಮಾಡಿವೆ.

ನಮ್ಮಲ್ಲಿಗೆ ಬರೋಣ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾದವು, 1,68,491 ಜನ ಸತ್ತರು. ಅಪಘಾತಗಳಲ್ಲಿ ಐದರಲ್ಲಿ ಒಂದಕ್ಕಿಂತ ಹೆಚ್ಚು ಹಿಂದಿನಿಂದ ಗುದ್ದಿದಂಥವು. ಇಲ್ಲಿಯೂ ನಿಯಮಗಳಿವೆ. ನಾಲ್ಕು ಚಕ್ರದ ವಾಹನಗಳ ದೀಪಗಳು ಎಲ್ಲಿ ಹೇಗೆ ಇರಬೇಕೆಂಬುದನ್ನು ಎಐಎಸ್-008 ಎಂಬ ಮಾನದಂಡ ಹೇಳುತ್ತದೆ, ದ್ವಿಚಕ್ರ ಮತ್ತು ತ್ರಿಚಕ್ರಗಳಿಗೆ ಎಐಎಸ್-009 ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳ 108ನೆಯ ನಿಯಮ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಯಾವ ವಾಹನವೂ ಮುಂದಕ್ಕೆ ಕೆಂಪು ಬೆಳಕನ್ನಾಗಲಿ ಹಿಂದಕ್ಕೆ ಕೆಂಪಲ್ಲದ ಬೆಳಕನ್ನಾಗಲಿ ತೋರಬಾರದು ಎನ್ನುತ್ತದೆ. ಅಮೆರಿಕದ ಮಾನದಂಡಕ್ಕೂ ನಮ್ಮ ಈ ನಿಯಮಕ್ಕೂ ಒಂದೇ ಸಂಖ್ಯೆ ಬಂದಿರುವುದು ಆಕಸ್ಮಿಕ, ಆದರೆ ವಿದ್ಯಾರ್ಥಿಗಳಿಗೆ ನೆನಪಿಟ್ಟುಕೊಳ್ಳಲು ಅನುಕೂಲ. 2019ರ ತಿದ್ದುಪಡಿಯ ನಂತರ, ಅನುಮತಿಯಿಲ್ಲದೆ ಭಾಗಗಳನ್ನು ಕೂರಿಸಿ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು.

ಆದರೂ ಬೆಂಗಳೂರಿನ ಯಾವ ಮೇಲುಸೇತುವೆಯ ಮೇಲಾದರೂ ಸಂಜೆ ಹತ್ತು ನಿಮಿಷ ನಿಂತರೆ ನಿಯಮ ಎಲ್ಲಿ ಸೋಲುತ್ತದೆಂದು ಕಾಣುತ್ತದೆ. ಬ್ರೇಕ್ ಒತ್ತಿದಾಗ ನೀಲಿ ನೇರಳೆಯಾಗಿ ಹರಿದಾಡುವ ಎಲ್‌ಇಡಿ ಪಟ್ಟಿಗಳು. ಬ್ರೇಕ್ ಒತ್ತಲಿ ಬಿಡಲಿ ಮಿಟುಕುತ್ತಲೇ ಇರುವ ಬೈಕಿನ ದೀಪಗಳು. ಅಂದಕ್ಕೆಂದು ಕಪ್ಪು ಫಿಲ್ಮ್ ಅಂಟಿಸಿ ಮಂಕಾಗಿಸಿದ ಹಿಂಬದಿಯ ದೀಪಗಳು. ಇವುಗಳನ್ನು ಹಾಕಿಸಿಕೊಂಡ ಹುಡುಗರನ್ನು ನಾನು ದೂರುವುದಿಲ್ಲ. ತಮ್ಮ ಗಾಡಿ ಎದ್ದು ಕಾಣಲಿ ಎಂಬ ಆಸೆ ಅವರದು, ಕೆಲವರಿಗಂತೂ ಸುರಕ್ಷತೆಯದೇ ಕಾಳಜಿ. ಆದರೆ ಕೆಂಪು ಬೆಳಕು ಹೆಚ್ಚಾಯಿತೆಂದರೆ ಬ್ರೇಕು ಎಂದು ನೂರು ಕೋಟಿ ಜನ ಕಲಿತಿರುವ ಒಂದು ಒಪ್ಪಂದವಿದೆ. ಒಂದೊಂದು ಅಲಂಕಾರವೂ ಆ ಒಪ್ಪಂದವನ್ನು ಸ್ವಲ್ಪ ಸ್ವಲ್ಪವೇ ಸವೆಸುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಯಲ್ಲಿ ಹೆಚ್ಚುವರಿ ಬ್ರೇಕ್ ಲೈಟು ಕೊಳ್ಳುವವರು ಕೇಳಬೇಕಾದದ್ದು ಕೆಲವೇ ಸಂಗತಿ: ಬಣ್ಣ ಕೆಂಪೇ? ಸ್ಥಿರವಾಗಿ ಉರಿಯುತ್ತದೆಯೇ? ಪೆಡಲ್ ಒತ್ತಿದಾಗ ಮಾತ್ರ ಉರಿಯುತ್ತದೆಯೇ? ಹಿಂದಿನವನ ಕಣ್ಣಿಗೆ ಚುಚ್ಚುವುದಿಲ್ಲವೇ? ಎಲ್‌ಇಡಿ ಎಂಬ ಕಾರಣಕ್ಕೇ ಅದನ್ನು ಬೈಯಬೇಕಾಗಿಲ್ಲ. ಹಳೆಯ ತಂತಿಯ ಬಲ್ಬು ಕಾದು ಪೂರ್ತಿ ಬೆಳಗಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಬೇಕು, ಎಲ್‌ಇಡಿ ಒಡನೆಯೇ ಬೆಳಗುತ್ತದೆ. ಗಂಟೆಗೆ 100 ಕಿಲೋಮೀಟರಿನಲ್ಲಿ ಆ ಹೊತ್ತು ಎಂದರೆ ಸುಮಾರು ಐದೂವರೆ ಮೀಟರ್ ದೂರ.

ಕಾರಿನ ಮೂರನೆಯ ದೀಪದ ಬಗ್ಗೆ ಇಷ್ಟೆಲ್ಲ ಹೇಳುವಾಗ ಮೊದಲನೆಯದೂ ಎರಡನೆಯದೂ ಇಲ್ಲದ ವಾಹನಗಳು ನನ್ನ ಕಣ್ಣಮುಂದಿವೆ. ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯ, ಬಾಗಲಕೋಟೆ, ಬೆಳಗಾವಿಯ ರಸ್ತೆಗಳಲ್ಲಿ ರಾತ್ರಿ ಹೋಗುವ ಟ್ರ್ಯಾಕ್ಟರ್ ಟ್ರೇಲರುಗಳನ್ನು ನೋಡಿ. ದೀಪ ಇದ್ದರೂ ಇಳಿಬಿದ್ದ ಕಬ್ಬು ಅದನ್ನು ಮುಚ್ಚಿರುತ್ತದೆ. ಅದರ ಹಿಂದೆ ಬರುವ ಬೈಕಿನವನಿಗೆ ಯಾವ ಎಚ್ಚರಿಕೆಯೂ ಇಲ್ಲ. ಹೊಸ ನಿಯಮಕ್ಕೆ ಕೈಹಾಕುವ ಮೊದಲು ಇಲ್ಲಿಂದ ಶುರು ಮಾಡಬೇಕು. ತೆಗೆದು ಸಿಕ್ಕಿಸಬಹುದಾದ ಒಂದು ದೀಪದ ಪಟ್ಟಿ, ಅದಕ್ಕೊಂದು ಗಟ್ಟಿಯಾದ ತಂತಿ, ಹೇರು ಮುಗಿದ ಮೇಲೆ ಅದನ್ನು ಕಬ್ಬಿನ ಹೊರಗೆ ಕಟ್ಟಿದ್ದಾರೆಯೇ ಎಂದು ನೋಡಲು ಕಾರ್ಖಾನೆಯ ಗೇಟಿನಲ್ಲಿ ಒಬ್ಬ ಮನುಷ್ಯ. ಇದು ಆಗದ ಕೆಲಸವಲ್ಲ.

ವಿದ್ಯುತ್ ವಾಹನಗಳು ಹೊಸ ಪ್ರಶ್ನೆಯೊಂದನ್ನು ತಂದಿವೆ. ಅವುಗಳಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೇ ಮೋಟಾರು ವಾಹನವನ್ನು ತಡೆದು ಬ್ಯಾಟರಿಗೆ ಶಕ್ತಿ ತುಂಬುತ್ತದೆ. ಬ್ರೇಕ್ ಪೆಡಲ್ ಮುಟ್ಟದೆಯೇ ಕಾರು ನಿಧಾನವಾಗುತ್ತದೆ. ಹಾಗಾದರೆ ದೀಪ ಯಾವಾಗ ಉರಿಯಬೇಕು? ಪ್ರಯಾಣಿಕ ಕಾರುಗಳ ಬ್ರೇಕಿನ ಬಗೆಗಿನ ವಿಶ್ವಸಂಸ್ಥೆಯ 13-ಎಚ್ ನಿಯಮ ಇದಕ್ಕೆ ಗೆರೆ ಎಳೆದಿದೆ. ವೇಗ ಕುಗ್ಗುವ ಪ್ರಮಾಣ ಪ್ರತಿ ಸೆಕೆಂಡಿನಲ್ಲೂ ಸೆಕೆಂಡಿಗೆ 0.7 ಮೀಟರಿನವರೆಗೆ ಇದ್ದರೆ ಉರಿಯಬಾರದು, 1.3 ಮೀರಿದರೆ ಉರಿಯಲೇಬೇಕು, ನಡುವೆ ಇದ್ದರೆ ತಯಾರಕರ ಇಷ್ಟ. ಗಂಟೆಗೆ 60 ಕಿಲೋಮೀಟರಿನಲ್ಲಿರುವ ಕಾರಿನ ವೇಗ 1.3ರ ದರದಲ್ಲಿ ಐದು ಸೆಕೆಂಡು ಕುಗ್ಗಿದರೆ 37ರ ಆಸುಪಾಸಿಗೆ ಬಂದಿರುತ್ತದೆ. ಅಷ್ಟು ಹೊತ್ತು ದೀಪ ಆರಿಯೇ ಇರಬಹುದೆಂಬುದು ನನಗೆ ಒಪ್ಪಿಗೆಯಾಗುವುದಿಲ್ಲ. ದ್ವಿಚಕ್ರಗಳು ಕಾರಿನ ಹಿಂದೆಯೇ ಅಂಟಿಕೊಂಡು ಓಡುವ ನಮ್ಮ ನಗರಗಳಲ್ಲಿ ಆ ನಡುವಿನ ಪಟ್ಟಿಯಲ್ಲೂ ದೀಪ ಉರಿಯಲಿ ಎಂಬುದು ನನ್ನ ಅಭಿಪ್ರಾಯ. ಅಭಿಪ್ರಾಯಕ್ಕಿಂತ ಅಳತೆ ದೊಡ್ಡದು ಎಂಬುದೂ ನಿಜ.

ಆದ್ದರಿಂದ ಈ ಸಭೆಯಲ್ಲಿರುವ ಕಾಲೇಜುಗಳ ಮುಂದೆ, ಸಾರಿಗೆ ಇಲಾಖೆಯ ಮುಂದೆ ಒಂದು ಕೋರಿಕೆ ಇಡುತ್ತೇನೆ. ಹಿಂದಿನಿಂದ ಗುದ್ದಿದ ಪ್ರತಿ ಪ್ರಕರಣದಲ್ಲೂ ಮುಂದಿನ ವಾಹನದ ಎಷ್ಟು ಬ್ರೇಕ್ ದೀಪಗಳು ಕೆಲಸ ಮಾಡುತ್ತಿದ್ದವು ಎಂಬುದನ್ನು ಸ್ಥಳಕ್ಕೆ ಹೋದ ಪೊಲೀಸರು ಬರೆದುಕೊಳ್ಳುವಂತಾಗಲಿ. ಟ್ಯಾಕ್ಸಿ, ನಗರ ಸಾರಿಗೆ ಬಸ್ಸು, ಕಬ್ಬಿನ ಟ್ರೇಲರು ಈ ಮೂರರಲ್ಲಿ ಒಂದನ್ನು ಆರಿಸಿಕೊಂಡು, ಅರ್ಧಕ್ಕೆ ನಿಯಮಬದ್ಧವಾದ ಹೆಚ್ಚುವರಿ ದೀಪ ಕೊಟ್ಟು, ಇನ್ನರ್ಧವನ್ನು ಇದ್ದಂತೆ ಬಿಟ್ಟು, ಒಂದು ವರ್ಷ ಲೆಕ್ಕ ಇಡೋಣ. ದೀಪದ ಹೊಸತನ ಕಳೆದ ಮೇಲೆ, ಮೂರನೆಯ ವರ್ಷ, ಅದೇ ಲೆಕ್ಕವನ್ನು ಇನ್ನೊಮ್ಮೆ ಹಾಕೋಣ. ಬರುವ ಅಂಕಿ ಅರವತ್ತಿರಲಿ, ನಾಲ್ಕಿರಲಿ, ಅದನ್ನು ಕನ್ನಡದಲ್ಲಿ ಅಚ್ಚು ಹಾಕಿ ಜನರ ಕೈಗೆ ಕೊಡೋಣ.